ಬಾಣಂತನ ತಪ್ಪಿದ ಮಳೆಗಾಲ

ಗಂಗೊಳ್ಳಿಯ ಮೀನು ಮಾರ್ಕೆಟಿನಲ್ಲಿ ಮೀನು ಮಾರುವವರು ಬೇರೆ, ಕೊಯ್ದು ಕೊಡುವವರು ಬೇರೆ. ಮುಂದಿನ ಕಟ್ಟೆಯಲ್ಲಿ ಕೊಂಡ ಮೀನಿನ ಚೀಲವನ್ನು ಗಿರಾಕಿಗಳು ಹಿಂದಿನ ಕಟ್ಟೆಗೆ ತರುತ್ತಾರೆ. ಅಲ್ಲಿ ಕಾಲಿನಿಂದ ಒತ್ತಿ ಹಿಡಿಯುವ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿರುತ್ತಾರೆ. ವನಜ ಆ ಸಾಲಿನ ಕೊನೆಯವಳು. ಗಂಡ ದೇವು ಬೋಟಿನಲ್ಲಿ ಕೆಲಸಕ್ಕಿದ್ದ. ಅವನು ಕಾಮಾಲೆಯಿಂದ ತೀರಿಕೊಂಡಾಗ ಮಗಳು ನವ್ಯಾ ಹೈಸ್ಕೂಲಿನಲ್ಲಿದ್ದಳು. ಗಂಡನ ಹನ್ನೆರಡನೆಯ ದಿನದ ಕೆಲಸ ಮುಗಿಸಿದ ವಾರದಲ್ಲೇ ವನಜ ಆ ಕಟ್ಟೆಗೆ ಬಂದು ಕೂತಳು. ಅಲ್ಲಿ ಕೂತೇ ಮಗಳನ್ನು ಪಿಯುಸಿವರೆಗೆ ಓದಿಸಿದಳು, ಬೈಂದೂರಿಗೆ ಮದುವೆ ಮಾಡಿಕೊಟ್ಟಳು.

ಜೂಲಿ ಬಂದದ್ದು ದೇವು ಇದ್ದಾಗಲೇ. ಬಂದರಿನ ಐಸ್ ಪ್ಲಾಂಟಿನ ಹಿಂದೆ ಯಾರೋ ಹೆಣ್ಣು ನಾಯಿಮರಿಗಳನ್ನು ಬಿಟ್ಟು ಹೋಗಿದ್ದರು. ಶಾಲೆಯಿಂದ ಬರುತ್ತಿದ್ದ ನವ್ಯಾ ಅದರಲ್ಲೊಂದನ್ನು ಲಂಗದಲ್ಲಿ ಸುತ್ತಿಕೊಂಡು ತಂದಳು. "ಹೆಣ್ಣ್ ನಾಯಿ ಸಾಕ್ರೆ ಊರಿನ್ ನಾಯಿ ಎಲ್ಲ ನಮ್ಮನಿ ಬಾಗ್ಲಗೆ ಇಪ್ಪುದ್" ಎಂದು ವನಜ ಬೈದಳು. ಬೈದರೂ ಮಾರನೆಯ ದಿನ ಗಂಜಿ ತಿಳಿಗೆ ಉಪ್ಪು ಹಾಕದೆ ಎತ್ತಿಟ್ಟವಳು ಅವಳೇ. ದೇವು ಹೋದ ಮೇಲೆ ನಾಯಿ ತಾನಾಗಿ ಅವಳ ಹಿಂದೆ ಮಾರ್ಕೆಟಿಗೆ ನಡೆಯತೊಡಗಿತು. ಕಟ್ಟೆಯ ಕೆಳಗೆ, ಅವಳ ಬೆನ್ನಿನ ಹತ್ತಿರ ಮಲಗಿರುತ್ತಿತ್ತು. ಮೀನಿನ ತಲೆ, ಕಿವಿರು ಬೇಕಾದಷ್ಟಿತ್ತು. ಅದಕ್ಕೆಂದು ವನಜ ಏನನ್ನೂ ಕೊಂಡದ್ದಿಲ್ಲ. ಮುದ್ದು ಮಾಡಿದ್ದೂ ಇಲ್ಲ. ಆದರೆ ನವ್ಯಾ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಅವಳ ಮಾತು ಕೇಳಿಸಿಕೊಳ್ಳಲು ಅದೊಂದೇ ಉಳಿಯಿತು. ಸೌದೆ ಹಸಿಯಾಗಿದೆ, ಮಂಡಿ ನೋಯುತ್ತದೆ, ಇವತ್ತು ಬರೀ ಸಣ್ಣ ಬೂತಾಯಿ, ಕೊಯ್ಯುವ ಮೀನೇ ಬರಲಿಲ್ಲ ಎಂದು ಅವಳು ಅದಕ್ಕೆ ಹೇಳುತ್ತಿದ್ದಳು.

ನಾಯಿಗೆ ವಯಸ್ಸಾದದ್ದು ಮೊದಲು ಕಣ್ಣಿನಲ್ಲಿ ಕಂಡಿತು. ಕಣ್ಣಿನ ಮೇಲೆ ಹಾಲಿನಂತಹ ಪೊರೆ ಬಂತು. ಆಮೇಲೆ ಹಿಂಗಾಲು ಸೋತು ಮಾರ್ಕೆಟಿಗೆ ಬರುವುದು ನಿಂತಿತು. ಹಲ್ಲು ಉದುರಿದ ಮೇಲೆ ವನಜ ಮೀನಿನ ತಲೆಗಳನ್ನು ಮನೆಗೆ ತಂದು ಬೇಯಿಸಿ, ಬೆರಳಿನಿಂದ ಮುಳ್ಳು ಹುಡುಕಿ ತೆಗೆದು, ಅನ್ನಕ್ಕೆ ಕಲಸಿ ಇಡುತ್ತಿದ್ದಳು. ಹಗಲೆಲ್ಲ ಮೀನು ಕೊಯ್ದ ಬೆರಳಿಗೆ ಮನೆಗೆ ಬಂದ ಮೇಲೂ ಅದೇ ಕೆಲಸ.

ಹೊಟ್ಟೆಯ ಕೆಳಗೆ, ಹಿಂದಿನ ಮೊಲೆಯ ಹತ್ತಿರ ಒಂದು ಗಂಟು ಎದ್ದಿತ್ತು. ಮೊದಲು ನೆಲ್ಲಿಕಾಯಿಯಷ್ಟಿದ್ದದ್ದು ಬೇಸಿಗೆ ಹೊತ್ತಿಗೆ ಮಾವಿನಕಾಯಿಯಷ್ಟಾಯಿತು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಲು ಪಂಚಾಯಿತಿ ಹತ್ತಿರ ಬಂದಿದ್ದ ಪಶುವೈದ್ಯ ಉಲ್ಲಾಸ್ ಅದನ್ನು ಮುಟ್ಟಿ ನೋಡಿ, "ಇದು ಕ್ಯಾನ್ಸರ್ ಗಡ್ಡೆ ಅಮ್ಮ. ಆಪರೇಷನ್ ಮಾಡಬಹುದು, ಆದರೆ ಈ ಪ್ರಾಯಕ್ಕೆ ತಡ್ಕೊಳ್ತದೆ ಅಂತ ಹೇಳ್ಲಿಕ್ಕಾಗೋದಿಲ್ಲ. ಮದ್ದೂ ಹೊರಗಿಂದ ತರಬೇಕು, ಹಗಲಿಡೀ ಪಕ್ಕದಲ್ಲಿ ಒಬ್ಬರು ಇರಬೇಕು" ಎಂದರು. ಹಗಲಿಡೀ ಪಕ್ಕದಲ್ಲಿ ಕೂತರೆ ಕಟ್ಟೆಯಲ್ಲಿ ಕೂರುವವರು ಯಾರು? ವನಜ ತಲೆಯಾಡಿಸಿ ನಾಯಿಯನ್ನು ಮೆಲ್ಲಗೆ ನಡೆಸಿಕೊಂಡು ಬಂದಳು.

ಜೂನ್ ಬಂತು. ಬೋಟುಗಳು ದಡ ಸೇರಿದವು. ಮೀನುಗಾರಿಕೆ ಬಂದ್ ಆದ ಆ ತಿಂಗಳುಗಳಲ್ಲಿ ಕೊಯ್ಯುವವರಿಗೆ ಕೆಲಸವೇ ಇರುವುದಿಲ್ಲ. ಹೊರಗಿನಿಂದ ಐಸಿನಲ್ಲಿ ಬಂದ ಮೀನನ್ನು ಕೊಳ್ಳುವವರು ಕಡಿಮೆ, ಕೊಂಡವರೂ ಮನೆಯಲ್ಲೇ ಕೊಯ್ದುಕೊಳ್ಳುತ್ತಾರೆ. ವನಜ ಪ್ರತಿ ವರ್ಷದ ಹಾಗೆ ಒಂದು ಹೊತ್ತು ಗಂಜಿ, ಒಂದು ಹೊತ್ತು ಚಾ ಎಂದು ದಿನ ತಳ್ಳತೊಡಗಿದಳು. ಬಿಪಿ ಮಾತ್ರೆಯನ್ನು ಅರ್ಧ ಮಾಡಿ ನುಂಗಿದಳು. ಮೀನಿನ ತಲೆ ಇಲ್ಲದ್ದರಿಂದ ನಾಯಿಗೂ ಗಂಜಿಯೇ. ಅದೇ ಮಳೆಯಲ್ಲಿ ಗಂಟು ಒಡೆಯಿತು.

ಒಡೆದ ಗಾಯಕ್ಕೆ ನೊಣ ಮುತ್ತಿ ಹುಳ ಆಯಿತು. ಪಕ್ಕದ ಮನೆಯ ಅಕ್ಕು, ಮಾರ್ಕೆಟಿನಲ್ಲೂ ವನಜಳ ಪಕ್ಕದಲ್ಲೇ ಕೂರುವವಳು, ಸೀತಾಫಲದ ಎಲೆ ಅರೆದು ಹಚ್ಚಲು ಹೇಳಿದಳು. ಹಚ್ಚಿದರೆ ಹುಳ ಹೊರಗೆ ಬರುತ್ತಿತ್ತು. ವನಜ ಕಡ್ಡಿಯಲ್ಲಿ ಒಂದೊಂದನ್ನೇ ತೆಗೆಯುತ್ತಿದ್ದಳು. ನಾಯಿ ನಡುಗುತ್ತಿತ್ತು, ಆದರೆ ಒಮ್ಮೆಯೂ ಅವಳ ಕೈಗೆ ಬಾಯಿ ಹಾಕಲಿಲ್ಲ. ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಹಚ್ಚಿ ಹಳೆಯ ಸೀರೆಯ ತುಂಡು ಕಟ್ಟಿದರೆ ಎರಡು ದಿನ ಸುಮಾರಾಗಿ ಇರುತ್ತಿತ್ತು. ಮೂರನೆಯ ದಿನ ಮತ್ತೆ ಹುಳ. ಮಳೆಗೆ ಬಾಗಿಲು ಮುಚ್ಚಿದ ಮನೆಯಲ್ಲಿ ಆ ವಾಸನೆ ಬಟ್ಟೆಗೂ ಅಕ್ಕಿಗೂ ಹಿಡಿಯಿತು. ವನಜಳಿಗೆ ಅದು ಗೊತ್ತಾಗದಷ್ಟು ಅಭ್ಯಾಸವಾಯಿತು.

ನವ್ಯಾ ಅಷ್ಟು ಹೊತ್ತಿಗೆ ತುಂಬು ಬಸುರಿ. ಮೊದಲ ಹೆರಿಗೆ ತವರಿನದ್ದು. ಸೀಮಂತ ಮುಗಿದಿತ್ತು. ಅವಳನ್ನು ಯಾವಾಗ ಕರೆತರುವುದೆಂದು ಮಾತಾಡಲು ಅವಳ ಅತ್ತೆ ಚಂದ್ರಮತಿ ಮಗ ಜಿತೇಂದ್ರನ ಬೈಕಿನಲ್ಲಿ ಬೈಂದೂರಿನಿಂದ ಬಂದಳು. ಜಿತೇಂದ್ರ ಜಗಲಿಯಲ್ಲೇ ನಿಂತ. ಚಂದ್ರಮತಿ ಒಳಗೆ ಬಂದು ಕೂತಳು. ಕೂತ ಸ್ವಲ್ಪ ಹೊತ್ತಿಗೆ ಸೆರಗನ್ನು ಮೂಗಿಗೆ ತಂದಳು, ಮತ್ತೆ ನಾಚಿಕೆಯಿಂದ ಕೆಳಗೆ ಬಿಟ್ಟಳು.

"ಎಂತ ವಾಸ್ನೆ ವನಜಕ್ಕ?"

"ನಾಯಿಗ್ ಗಾಯ ಆಯಿತ್ತ್. ಬಚ್ಚಲಗೆ ಮಲ್ಕಂಡಿತ್ತ್."

ಚಂದ್ರಮತಿ ಎದ್ದು ಹೋಗಿ ಬಚ್ಚಲಿನ ಬಾಗಿಲಲ್ಲಿ ನಿಂತು ನೋಡಿದಳು. ಒಲೆಯ ಬಿಸುಪಿಗೆ ಒತ್ತಿಕೊಂಡು ಜೂಲಿ ಗೋಣಿಯ ಮೇಲೆ ಮಲಗಿತ್ತು. ಹೆಜ್ಜೆ ಸಪ್ಪಳ ಕೇಳಿ ಬಾಲವನ್ನು ನೆಲಕ್ಕೆ ಬಡಿಯಿತು. ಚಂದ್ರಮತಿ ತಿರುಗಿ ಬಂದು ಕೂತು, ಕೊಟ್ಟ ಚಾ ಕುಡಿದೇ ಮಾತಾಡಿದಳು.

"ನಾನ್ ನಾಯಿ ಕಂಡ್ರೆ ಆಗ್ದವಳಲ್ಲ. ನಮ್ಮನಿಯಗೂ ಇತ್ತ್. ಆರೆ ಹುಳ ಬಿದ್ದ ಪ್ರಾಣಿ ಇಪ್ಪು ಬಚ್ಚಲಗೆ ಹಸಿ ಬಾಣಂತಿ ಮೀಯುದ್ ಹ್ಯಾಂಗೆ? ಶಿಶುಗೆ ಎಂತಾರೂ ತಾಗ್ರೆ? ನೀವೇ ಹೇಳಿ."

ವನಜ ಖಾಲಿ ಲೋಟ ಎತ್ತಿಟ್ಟಳು. ಮನೆಯೆಂದರೆ ಒಂದು ಕೋಣೆ, ಅಡುಗೆಯ ಜಾಗ, ಅದಕ್ಕೆ ಅಂಟಿದ ಬಚ್ಚಲು.

"ನಾಯಿಗೆ ಒಂದ್ ದಾರಿ ಮಾಡಿ. ಇಲ್ದಿರೆ ಬಾಣಂತನ ನಾವೇ ಮಾಡ್ತ್. ನಂಗೆ ಸಿಟ್ಟಿಲ್ಲೆ" ಎಂದು ಹೇಳಿ ಚಂದ್ರಮತಿ ಮಳೆಕೋಟು ಹಾಕಿಕೊಂಡಳು.

ಆ ಸಂಜೆ ನವ್ಯಾ ಫೋನ್ ಮಾಡಿದಳು. "ಅಮ್ಮ, ಅತ್ತೆ ಹೇಳದ್ದ್ರಗೆ ತಪ್ಪಿಲ್ಲೆ. ಜೂಲಿನ ಎಲ್ಲಾರೂ ಬಿಡ್."

"ಎಲ್ ಬಿಡುದ್ ಮಗಾ?"

"ನಂಗ್ ಗೊತ್ತಿಲ್ಲೆ. ನಂಗೆ ನಿನ್ ಕೈಯಗೇ ಮೀಯ್ಕ್. ಬೇರೆ ಯಾರೂ ಬೇಡ." ಹೆರಿಗೆಯ ಭಯ ಅವಳಿಗೆ ಮೊದಲಿನಿಂದಲೂ ಇತ್ತು.

ಅಕ್ಕುವಿನ ಅಣ್ಣನದ್ದೊಂದು ಬಲೆ ಇಡುವ ಶೆಡ್ಡು ಹೊಳೆಯ ಬದಿಯಲ್ಲಿತ್ತು. ಮೂರು ಕಡೆ ತೆಂಗಿನ ಗರಿಯ ಗೋಡೆ, ಮೇಲೆ ಶೀಟು. ವನಜ ನಾಯಿಯನ್ನು ಗೋಣಿಯಲ್ಲಿ ಎತ್ತಿಕೊಂಡು ಹೋಗಿ ಅಲ್ಲಿ ಮಲಗಿಸಿದಳು. ತೆವಳಿಕೊಂಡು ಹಿಂದೆ ಬಾರದಿರಲೆಂದು ಕಂಬಕ್ಕೆ ಕಟ್ಟಿದಳು. ಹುಟ್ಟಿದಾಗಿನಿಂದ ಆ ನಾಯಿಯ ಕುತ್ತಿಗೆಗೆ ಹಗ್ಗ ಬಿದ್ದಿರಲಿಲ್ಲ. ಗಂಜಿಯ ತಟ್ಟೆ ಹತ್ತಿರವಿಟ್ಟು ಅವಳು ಮಾರ್ಕೆಟಿಗೆ ಹೋದಳು. ಅವತ್ತು ಸ್ವಲ್ಪ ಮೀನು ಬಂದಿತ್ತು, ಬಿಡುವ ಹಾಗಿರಲಿಲ್ಲ.

ಮಧ್ಯಾಹ್ನ ಬಂದು ನೋಡಿದಾಗ ಶೆಡ್ಡಿನ ತುಂಬ ಕಾಗೆಗಳು. ಗಾಯದ ಕಟ್ಟನ್ನು ಕಿತ್ತು ಹಾಕಿದ್ದವು. ಒಂದು ಕಾಗೆ ನಾಯಿಯ ತೊಡೆಯ ಮೇಲೇ ಕೂತು ಗಾಯಕ್ಕೆ ಕೊಕ್ಕು ಹಾಕುತ್ತಿತ್ತು. ಕಣ್ಣು ಕಾಣದ ನಾಯಿ ತಲೆಯನ್ನು ಆಚೆ ಈಚೆ ತಿರುಗಿಸಿ ಗಾಳಿಯನ್ನು ಕಚ್ಚುತ್ತಿತ್ತು. ವನಜ ಕೈಗೆ ಸಿಕ್ಕಿದ ಬಲೆಯ ಬೆಂಡು ತೆಗೆದು ಎಸೆದಳು. ಕಾಗೆಗಳು ಶೀಟಿನ ಮೇಲೆ ಹೋಗಿ ಕೂತವು, ಹಾರಿ ಹೋಗಲಿಲ್ಲ. ಅವಳು ಹಗ್ಗವನ್ನು ಮಾರ್ಕೆಟಿನಿಂದ ತಂದಿದ್ದ ಕತ್ತಿಯಲ್ಲೇ ಕೊಯ್ದು ನಾಯಿಯನ್ನು ಎತ್ತಿಕೊಂಡು ಮನೆಗೆ ಬಂದಳು.

ಸಂಜೆ ಅಕ್ಕು ಬಂದು ಬಚ್ಚಲಿನ ಹೊಸ್ತಿಲಲ್ಲಿ ಕೂತಳು. "ಒಂದ್ ಇಂಜೆಕ್ಷನ್ ಇತ್ತಂಬ್ರ್. ಕೊಟ್ರೆ ನಿದ್ರಿ ಬಂದಂಗೆ ಹೋತ್ತಂಬ್ರ್. ಆರೆ ಉಂಬು ನಾಯಿಗೆ ಡಾಕ್ಟ್ರ್ ಕೊಡುದಿಲ್ಲೆ. ಉಂಬುದಿಲ್ಲೆ ಅಂದೇಳಿ ಹೇಳ್ಕ್."

"ಉಂತ್ತಲೆ ಇದ್" ಎಂದಳು ವನಜ.

"ಗೊತ್ತಿತ್ತ್ ಮಾರಾಯ್ತಿ. ಹೇಳುದ್ ಹಾಂಗೆ."

ಮಾರನೆಯ ಬೆಳಿಗ್ಗೆ ವನಜ ಗಂಜಿ ಬೇಯಿಸಿದಳು. ಆದರೆ ನಾಯಿಗೆ ಇಡಲಿಲ್ಲ. ಒಂದು ಹೊತ್ತಾದರೂ ಉಣ್ಣದಿದ್ದರೆ ಹೇಳುವ ಮಾತು ಪೂರಾ ಸುಳ್ಳಾಗುವುದಿಲ್ಲವೆಂದು ಅವಳಿಗೆ ಅನ್ನಿಸಿತ್ತು. ಗಂಜಿಯ ವಾಸನೆಗೆ ಜೂಲಿ ತಲೆ ಎತ್ತಿ ಕಾಯಿತು. ಅವಳು ಪಾತ್ರೆಯನ್ನು ಮುಚ್ಚಿಟ್ಟು, ತಾನೂ ಉಣ್ಣದೆ, ರಿಕ್ಷಾ ಕರೆದಳು. ರಿಕ್ಷಾದವನು ಸೀಟಿಗೆ ಟರ್ಪಾಲು ಹಾಕಿಕೊಂಡ ಮೇಲೆಯೇ ಹತ್ತಿಸಿದ. ತ್ರಾಸಿ, ಹೆಮ್ಮಾಡಿ, ತಲ್ಲೂರು ದಾಟಿ ಕುಂದಾಪುರ ಮುಟ್ಟುವವರೆಗೂ ಅವಳು ನಾಯಿಯ ಕಡೆ ನೋಡಲಿಲ್ಲ. ಮಳೆ ನೀರು ಒಳಗೆ ಹಾರದ ಹಾಗೆ ಟರ್ಪಾಲಿನ ತುದಿಯನ್ನು ಮಾತ್ರ ಹಿಡಿದುಕೊಂಡಿದ್ದಳು.

ಪಶು ಆಸ್ಪತ್ರೆಯ ಮೇಜಿನ ಮೇಲೆ ಡಾಕ್ಟರ್ ಉಲ್ಲಾಸ್ ಕಟ್ಟು ಬಿಚ್ಚಿ ನೋಡಿದರು. ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು.

"ಊಟ ಮಾಡ್ತದಾ?"

"ಇಲ್ಲೆ. ಮೂರ್ ದಿನ ಆಯ್ತ್. ನೀರೂ ಮುಟ್ಟುದಿಲ್ಲೆ."

ಬಾಯಿಂದ ಮಾತು ಇಷ್ಟು ಸಲೀಸಾಗಿ ಬರಬಹುದೆಂದು ಅವಳು ಎಣಿಸಿರಲಿಲ್ಲ. ಡಾಕ್ಟರು ಅವಳ ಮುಖ ನೋಡಿದರು. "ಹಾಗಾದರೆ ಇನ್ನು ಕಷ್ಟ ಕೊಡೋದು ಬೇಡ. ಏನು ಮಾಡ್ತೇನೆ ಅಂತ ಗೊತ್ತಾಯ್ತಲ್ಲ ನಿಮಗೆ?" ಎಂದರು. ವನಜ ತಲೆಯಾಡಿಸಿದಳು. ಅವರು ಒಳಗೆ ಹೋಗಿ ಮದ್ದು ತುಂಬಿಸಿಕೊಂಡು ಬಂದರು.

ನಾಯಿಯನ್ನು ಹಿಡಿದುಕೊಂಡಿದ್ದ ಆಸ್ಪತ್ರೆಯ ಆಳು ವಯಸ್ಸಾದವನು. ಚಾ ಜೊತೆಗೆಂದು ತಂದಿಟ್ಟಿದ್ದ ಬಿಸ್ಕೆಟ್ ಪೊಟ್ಟಣ ಅವನ ಜೇಬಿನಲ್ಲಿತ್ತು. ಸಾಯುವ ಪ್ರಾಣಿಯ ಬಾಯಿಗೆ ಏನಾದರೂ ತಾಗಿಸಬೇಕೆಂದೋ ಏನೋ, ಅವನು ಒಂದು ತುಂಡು ಮುರಿದು ಜೂಲಿಯ ಮೂಗಿನ ಹತ್ತಿರ ಹಿಡಿದ. ನಾಯಿ ಅದನ್ನು ಹಲ್ಲಿಲ್ಲದ ಬಾಯಿಂದ ಕಸಿದುಕೊಂಡಿತು. ನುಂಗಿ ಅವನ ಬೆರಳು ನೆಕ್ಕಿತು. ಅಂಗೈ ನೆಕ್ಕಿತು. ಮತ್ತೆ ಜೇಬಿನ ಕಡೆಗೆ ಮೂಗು ಚಾಚಿ, ಮುಂಗಾಲು ಊರಿ ಮೇಜಿನ ಮೇಲೆ ಏಳಲು ನೋಡಿತು. ಅವನು ಪೊಟ್ಟಣದಲ್ಲಿದ್ದದ್ದನ್ನೆಲ್ಲ ಕೊಟ್ಟ. ಅದು ಎಲ್ಲವನ್ನೂ ತಿಂದಿತು.

ಡಾಕ್ಟರು ಸಿರಿಂಜನ್ನು ತಟ್ಟೆಯಲ್ಲಿಟ್ಟರು. "ಇವತ್ತು ಬೇಡ ಅಮ್ಮ."

ವನಜ ನೆಲ ನೋಡುತ್ತಿದ್ದಳು.

"ಮನೆಯಲ್ಲಿ ಏನು ತೊಂದರೆ?" ಎಂದು ಅವರು ಮೆಲ್ಲಗೆ ಕೇಳಿದರು.

"ಮಗಳ್ ಬಾಣಂತನಕ್ಕೆ ಬಪ್ಪುದಿತ್ತ್. ನಾಯಿ ಇಪ್ಪು ಮನಿಗೆ ಕಳ್ಸುದಿಲ್ಲೆ ಅಂತ್ರ್."

ಡಾಕ್ಟರು ಸಿರಿಂಜಿನ ತಟ್ಟೆಯನ್ನು ಬದಿಗೆ ಸರಿಸಿದರು. "ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಆಮೇಲೆ ಅವರೂ ಆಳೂ ಸೇರಿ ಗಾಯದ ಹುಳವನ್ನೆಲ್ಲ ತೆಗೆದು ತೊಳೆದರು. ನೊಣ ಬಾರದಂತೆ ಹೊಡೆಯುವ ಸ್ಪ್ರೇ, ನೋವಿನ ಮದ್ದು ಕೊಟ್ಟರು. ಊಟ ಬಿಟ್ಟ ದಿನ ಫೋನ್ ಮಾಡಿ, ನಾನೇ ಬರುತ್ತೇನೆ ಎಂದು ನಂಬರು ಬರೆದುಕೊಟ್ಟರು.

ವಾಪಸು ಬರುವಾಗ ತಲ್ಲೂರಿನಲ್ಲಿ ರಿಕ್ಷಾ ನಿಲ್ಲಿಸಿ ಅವಳು ಒಂದು ಬನ್ನು ಕೊಂಡಳು. ಹಿಸುಕಿ ಮೆತ್ತಗೆ ಮಾಡಿ ನಾಯಿಗೆ ಪೂರ್ತಿ ತಿನ್ನಿಸಿದಳು. ರಿಕ್ಷಾದವನು ಕನ್ನಡಿಯಲ್ಲಿ ನೋಡುತ್ತಿದ್ದ.

ನವ್ಯಾಗೆ ಅವಳೇ ಫೋನ್ ಮಾಡಿದಳು. "ಜೂಲಿ ಮನಿಯಗೇ ಇತ್ತ್ ಮಗಾ. ಎಂತ ಮಾಡುಕೂ ಆಯ್ಲಿಲ್ಲೆ."

"ಆಯ್ತ್" ಎಂದಷ್ಟೇ ಹೇಳಿ ನವ್ಯಾ ಫೋನ್ ಇಟ್ಟಳು. ಕುಂದಾಪುರಕ್ಕೆ ಹೋಗಿದ್ದನ್ನು ವನಜ ಹೇಳಲಿಲ್ಲ. ಹೇಳುವುದಾದರೆ ಏನೆಂದು ಹೇಳುವುದು?

ಸುದ್ದಿ ಮಾರ್ಕೆಟಿಗೆ ಬರಲು ತಡವಾಗಲಿಲ್ಲ. ಮಗಳ ಬಾಣಂತನಕ್ಕಿಂತ ನಾಯಿ ಹೆಚ್ಚಾಯಿತಂತೆ ಎಂದು ಮುಂದಿನ ಕಟ್ಟೆಯವರು ಆಡಿಕೊಂಡರು. ಕೆಲವರು ಒಳ್ಳೆಯ ಮನಸ್ಸು ಎಂದೂ ಹೇಳಿದರು. ವನಜಳಿಗೆ ಮೊದಲಿನ ಮಾತಿಗಿಂತ ಎರಡನೆಯ ಮಾತು ಹೆಚ್ಚು ಚುಚ್ಚುತ್ತಿತ್ತು. ಅಕ್ಕುವಿಗೆ ನಿಜ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

ನವ್ಯಾಗೆ ಕುಂದಾಪುರದಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ವನಜ ಎರಡು ಸಲ ಸೋಪು ಹಾಕಿ ಮಿಂದು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಹೋದಳು. ಆದರೂ ಮಗುವಿನ ಹತ್ತಿರ ಬಗ್ಗುವಾಗ ತನ್ನ ಮೈಗೆ ಆ ವಾಸನೆ ಇದೆಯೇನೋ ಎಂದು ಉಸಿರು ಬಿಗಿ ಹಿಡಿದಳು. ಚಂದ್ರಮತಿಯೇ ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟಳು. ನವ್ಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ನೋವಿತ್ತಾ?" ಎಂದು ಕೇಳಿದರೆ "ಇತ್ತ್" ಎಂದಳು.

ಬೈಂದೂರಿನಲ್ಲಿ ಬಾಣಂತನಕ್ಕೆ ಸಂಬಳದ ಹೆಂಗಸನ್ನು ಇಟ್ಟುಕೊಂಡರು. ಒಂದು ಭಾನುವಾರ ವನಜ ಬಾಣಂತಿ ಲೇಹ್ಯ ಕಾಯಿಸಿ, ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಹೋದಳು. ಅವಳಿಗೆ ಚಾವಡಿಯಲ್ಲಿ ಕುರ್ಚಿ ಹಾಕಿದರು. ಚಾ, ಚಕ್ಕುಲಿ ಬಂತು. ಅದು ಮೀಯುವ ಹೊತ್ತು. ಒಳಗಿನ ಬಚ್ಚಲಿನಿಂದ ನೀರು ಹೊಯ್ಯುವ ಸದ್ದು, ಎಣ್ಣೆ ಮೈಯನ್ನು ತಟ್ಟಿ ತಿಕ್ಕುವ ಸದ್ದು ಕೇಳಿಸುತ್ತಿತ್ತು. ನಡುವೆ ನವ್ಯಾ "ಬಿಸಿ, ಬಿಸಿ" ಎನ್ನುತ್ತಿದ್ದಳು. ಆ ಹೆಂಗಸು ಏನೋ ಹೇಳಿ ನಗಿಸಿದಳು. ವನಜ ಚಕ್ಕುಲಿಯನ್ನು ತಟ್ಟೆಯಲ್ಲೇ ಮುರಿಯುತ್ತ ಕೂತಿದ್ದಳು. ಎದ್ದು ಒಳಗೆ ಹೋಗಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಅವಳು ಹೋಗಲಿಲ್ಲ. ನಾಯಿಗೆ ಮದ್ದಿನ ಹೊತ್ತಾಯಿತೆಂದು ಮೂರು ಗಂಟೆಯ ಬಸ್ಸಿಗೆ ಹೊರಟಳು. ಆ ಕಾರಣವನ್ನು ಮಾತ್ರ ಅಲ್ಲಿ ಹೇಳಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದವು. ಮಾರ್ಕೆಟಿನಲ್ಲಿ ಕೈತುಂಬ ಕೆಲಸವಾಯಿತು. ಒಂದು ದಿನ ಗಿರಾಕಿಯೊಬ್ಬರು ಬೇಡವೆಂದ ಅಂಜಲ್ ಮೀನಿನ ತಲೆಯನ್ನು ಅವಳು ಮನೆಗೆ ತಂದು ಬೇಯಿಸಿದಳು. ಮುಳ್ಳು ತೆಗೆದು ಬಾಯಿಯ ಹತ್ತಿರ ಹಿಡಿದರೆ ಜೂಲಿ ಮೂಸಿ ಮುಖ ತಿರುಗಿಸಿತು. ಮಾರನೆಯ ಬೆಳಿಗ್ಗೆ ಗಂಜಿ ತಿಳಿಯೂ ಬೇಡವೆಂದಿತು. ಅವಳು ಡಾಕ್ಟರಿಗೆ ಫೋನ್ ಮಾಡಿದಳು. ಅವರು ಶಿಬಿರಕ್ಕೆಂದು ಬ್ರಹ್ಮಾವರದ ಆಚೆ ಹೋಗಿದ್ದರು. "ನಾಳೆ ಬೆಳಿಗ್ಗೆ ಖಂಡಿತ ಬರ್ತೇನೆ ಅಮ್ಮ" ಎಂದರು.

ನಾಳೆಯವರೆಗೆ ಆಗಲಿಲ್ಲ. ಅವತ್ತೇ ಹತ್ತು ಗಂಟೆಯ ಹೊತ್ತಿಗೆ ಕಾಲು ಸೆಟೆಯತೊಡಗಿತು. ಸೆಟೆದಾಗಲೆಲ್ಲ ತಲೆ ಹಿಂದಕ್ಕೆ ಬಾಗಿ, ಬಾಯಿಂದ ನೊರೆ ಬಂದು, ಮಗು ಅತ್ತಂತಹ ಸದ್ದು ಬರುತ್ತಿತ್ತು. ಸೆಟೆತ ನಿಂತಾಗ ಏದುಸಿರು. ವನಜ ಕೆಲಸಕ್ಕೆ ಹೋಗದೆ ಪಕ್ಕದಲ್ಲಿ ಕೂತಿದ್ದಳು. ಬಟ್ಟೆ ಒದ್ದೆ ಮಾಡಿ ಬಾಯಿ ಒರೆಸುತ್ತಿದ್ದಳು. ಬೇರೆ ಮಾಡಲು ಏನೂ ಇರಲಿಲ್ಲ. ಮಧ್ಯಾಹ್ನ ಕಳೆಯಿತು. ಅಕ್ಕು ಎರಡು ಸಲ ಬಂದು ನೋಡಲಾರದೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಸೆಟೆದದ್ದು ಮತ್ತೆ ಸಡಿಲವಾಗಲಿಲ್ಲ.

ವನಜ, ಅಕ್ಕು ಇಬ್ಬರೂ ಸೇರಿ ಹಿತ್ತಲಿನಲ್ಲಿ ಹೊಂಡ ತೋಡಿದರು. ಹೊಯಿಗೆ ನೆಲ, ಮರಳು ತೋಡಿದಷ್ಟೂ ನೀರು ಬರುತ್ತಿತ್ತು. ಮೀನಿಗೆ ಹಾಕುವ ಕಲ್ಲುಪ್ಪನ್ನು ತಳಕ್ಕೆ ಹಾಕಿ, ನೀರಿನಲ್ಲೇ ಮಲಗಿಸಿ ಮುಚ್ಚಿದರು. ಬೆಳಿಗ್ಗೆ ಡಾಕ್ಟರ ಫೋನ್ ಬಂದಾಗ ವನಜ ಮಾರ್ಕೆಟಿನಲ್ಲಿದ್ದಳು. "ಬಪ್ಪುದ್ ಬೇಡ" ಎಂದಳು.

ನವರಾತ್ರಿ ಕಳೆದ ಮೇಲೆ ನವ್ಯಾ ಮಗುವನ್ನು ಎತ್ತಿಕೊಂಡು ಒಂದು ವಾರಕ್ಕೆಂದು ಬಂದಳು. ವನಜ ಬಚ್ಚಲಿಗೆ ಸುಣ್ಣ ಬಳಿದು, ಹಂಡೆ ತಿಕ್ಕಿಟ್ಟಿದ್ದಳು. ನಾಯಿ ಸತ್ತದ್ದನ್ನು ಫೋನಿನಲ್ಲೇ ಹೇಳಿದ್ದಾಗಿತ್ತು. ಬಂದ ದಿನ ನವ್ಯಾ ಅದರ ಮಾತೆತ್ತಲಿಲ್ಲ. ಮಾರನೆಯ ದಿನ ವನಜ ಕಾಲು ಚಾಚಿ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ನವ್ಯಾ ಟವೆಲು ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು.

"ಕಡೀಗೆ ಕಷ್ಟ ಪಟ್ಟಿತಾ ಅಮ್ಮ?"

"ಹ್ಮ್. ಒಂದ್ ದಿನ."

ವನಜ ಮಗುವಿನ ಕಾಲನ್ನು ನೀವುತ್ತಲೇ ಹೇಳಿದಳು. "ನಾಯಿನ ಇಟ್ಕಂಡ್ ಮಗಳ್ನ ಬಿಟ್ಟಳ್ ಅಂದೇಳಿ ಊರೆಲ್ಲ ಹೇಳ್ತ್. ನೀನೂ ಹಾಂಗೇ ಎಣ್ಸಿದ್ದೆ. ಹಾಂಗಲ್ಲ ಮಗಾ. ನಾನ್ ಅದನ್ನ ಕೊಲ್ಸುಕೇ ಹೋಯಿದ್ದೆ. ಉಂಬುದಿಲ್ಲೆ ಅಂದೇಳಿ ಡಾಕ್ಟ್ರಿಗೆ ಸುಳ್ಳ್ ಹೇಳ್ದೆ. ಅದ್ ಅಲ್ಲಿ ಬಿಸ್ಕೆಟ್ ತಿಂತ್. ಅವ್ರ್ ಇಂಜೆಕ್ಷನ್ ಕೊಡ್ಲಿಲ್ಲೆ."

"ಹಸಿವ್ ಆಯಿತ್ತಾ ಅದ್ಕೆ?"

"ಬೆಳಿಗ್ಗೆ ಗಂಜಿ ಕೊಡ್ಲಿಲ್ಲೆ ನಾನ್."

ನವ್ಯಾ ಟವೆಲನ್ನು ಮಡಿಲಲ್ಲಿ ಮುದ್ದೆ ಮಾಡಿಕೊಂಡಳು. ಅವಳ ಕಣ್ಣಿನಿಂದ ನೀರಿಳಿಯತೊಡಗಿತು. "ನಾನ್ ಎಲ್ಲಾರೂ ಬಿಡ್ ಅಂದದ್ದ್. ಕೊಲ್ಲ್ ಅಂದೇಳಿ ಹೇಳ್ಲಿಲ್ಲೆ."

"ಎಲ್ ಬಿಡುದ್ ಇದ್ದಿತ್ ಮಗಾ?"

ನವ್ಯಾ ಟವೆಲಿನಲ್ಲಿ ಮುಖ ಒರೆಸಿಕೊಂಡಳು. ಅವಳು ಯಾರಿಗಾಗಿ ಅಳುತ್ತಿದ್ದಾಳೆಂದು ವನಜಳಿಗೆ ತಿಳಿಯಲಿಲ್ಲ. ನೀರು ಆರುತ್ತಿತ್ತು. ಮೈ ತಣ್ಣಗಾಗಿ ಮಗು ರಾಗ ತೆಗೆಯಿತು. ವನಜ ಚೆಂಬಿನ ನೀರನ್ನು ಮೊದಲು ತನ್ನ ಮುಂಗೈಗೆ ಹೊಯ್ದು ಬಿಸಿ ನೋಡಿದಳು, ಆಮೇಲೆ ಮಗುವಿನ ಬೆನ್ನಿಗೆ ಹೊಯ್ದಳು.

ಹೇಳಿದ ಹಾಗೆ ನವ್ಯಾ ಒಂದು ವಾರ ಇದ್ದಳು. ಮೂರನೆಯ ದಿನದಿಂದ ಮಗುವನ್ನು ಅವಳೇ ಮೀಯಿಸಿದಳು. ವನಜ ನೀರು ಕಾಯಿಸಿಟ್ಟು ಮಾರ್ಕೆಟಿಗೆ ಹೋಗುತ್ತಿದ್ದಳು.